ಶನಿವಾರದ ಕೈಕೆಲಸದ ತರಗತಿಗೆ ಬರುವವರೇ ಇಲ್ಲ: ನಿಲ್ಲಿಸುವುದೇ, ಮುಂದುವರಿಸುವುದೇ?

ಶನಿವಾರದ ಸೂಜಿ:
ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ನಮ್ಮ ಸಣ್ಣ ಚರ್ಚಿನ ಹಿಂಬದಿಯ ಸಭಾಂಗಣದಲ್ಲಿ ಕಳೆದ ಜೂನ್ ತಿಂಗಳಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಕಾಲ ಕೈಕೆಲಸದ ತರಗತಿಗಳನ್ನು ನಡೆಸುತ್ತಿದ್ದೇವೆ. ಕಲಿಸುವವರಿಗೆ ಸಂಬಳವಿಲ್ಲ, ಕಲಿಯುವವರಿಗೆ ಶುಲ್ಕವಿಲ್ಲ, ಬಂದವರ ಜಾತಿ ಮತ ಕೇಳುವವರೂ ಇಲ್ಲ. ನಿವೃತ್ತ ನರ್ಸ್ ಒಬ್ಬರು ಕ್ರೋಶಾ (ಕೊಕ್ಕೆಯ ಕಡ್ಡಿಯಿಂದ ನೂಲು ಹೆಣೆಯುವುದು) ಕಲಿಸುತ್ತಾರೆ, ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರದ ಗುಮಾಸ್ತ, ಆಗಿದ್ದ ಹಿರಿಯರೊಬ್ಬರು ಕಾಫಿ ಬೊಡ್ಡೆಯ ಕೆತ್ತನೆ, ಕಾಲೇಜಿನ ಹುಡುಗಿಯೊಬ್ಬಳು ಜಲವರ್ಣ, ಇನ್ನು ಚೌಕದ ಬಟ್ಟೆಯ ಮೇಲೆ ಗುಣಿಸು ಚಿಹ್ನೆಯಂತೆ ಹೊಲಿಯುವ ಕ್ರಾಸ್ ಸ್ಟಿಚ್ ನನ್ನ ಪಾಲಿನದು.

ಮೊದಲ ಶನಿವಾರ 23 ಜನ ಬಂದಿದ್ದರು, ಕುರ್ಚಿ ಸಾಲದೆ ಆರಾಧನೆಯ ಬೆಂಚುಗಳನ್ನು ಎಳೆದು ತಂದೆವು. ಕ್ರಿಸ್ಮಸ್‌ಗೆ ಮುಂಚಿನ ವಾರಗಳಾದ ಆಗಮನ ಕಾಲದ ಮೊದಲ ಶನಿವಾರ ಬಂದವರು ಐದೇ ಮಂದಿ, ಅವರಲ್ಲಿ ಇಬ್ಬರು ಕಲಿಸುವವರು. ನಮಗೆ ಕೊಟ್ಟಿರುವ ಬೀರುವನ್ನು ಸಂಡೇ ಸ್ಕೂಲಿನ ಪುಸ್ತಕಗಳಿಗೆ ಬಿಟ್ಟುಕೊಡಬಹುದೇ ಎಂದು ಸಭಾ ಸಮಿತಿಯವರು ಸೌಜನ್ಯದಿಂದಲೇ ಕೇಳಿದ್ದಾರೆ. ನಿನ್ನೆ ಆ ಬೀರು ತೆರೆದು ನೋಡಿದೆ. ಯಾರೋ ಅರ್ಧ ಹೆಣೆದು ಬಿಟ್ಟುಹೋದ ಮೇಜಿನ ಹಾಸು ಒಂದು ಕಂಡಿತು, ಕಡ್ಡಿ ಇನ್ನೂ ಕುಣಿಕೆಯೊಳಗೇ ಇತ್ತು. ಅದನ್ನು ಕಂಡ ಮೇಲೆ ಸುಮ್ಮನೆ ಬೀಗ ಹಾಕಿ ಬರಲು ಮನಸ್ಸಾಗಲಿಲ್ಲ. ಎಲ್ಲಿ ತಪ್ಪಿದೆವು ಎಂಬುದನ್ನು ತಿಳಿದವರು ಹೇಳಬೇಕು. ಶುಲ್ಕ ಇಡಬೇಕೇ ಎಂಬುದನ್ನೂ ಹೇಳಿ.

ಅಮ್ಮತ್ತಿಯ ಕಾಫಿ ಕಣ:
ಡಿಸೆಂಬರಿನಲ್ಲಿ ಐದು ಜನ ಬಂದದ್ದೇ ದೊಡ್ಡದು. ನವೆಂಬರಿನಿಂದ ಅರೇಬಿಕಾ ಹಣ್ಣು ಕುಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಕೆಂಪಾಗಿರುತ್ತದೆ, ಅದು ಮುಗಿಯಿತು ಎನ್ನುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಕಾಲ. ಕಣದಲ್ಲಿ ಹಾಸಿದ ಕಾಫಿಯನ್ನು ದಿನಕ್ಕೆ ನಾಲ್ಕಾರು ಸಲ ಕೈಯಾಡಿಸುವವರ ಮನೆಯಲ್ಲಿ ಸೂಜಿ ಹಿಡಿಯುವ ಕೈ ಎಲ್ಲಿಂದ ಬರಬೇಕು? ಅದರ ಮೇಲೆ ಶನಿವಾರ ನಮ್ಮಲ್ಲಿ ಬಟವಾಡೆಯ ದಿನ. ಮಧ್ಯಾಹ್ನ ಎರಡಕ್ಕೆ ಕೂಲಿಯವರ ಲೈನ್ ಮನೆಗಳಿಂದ ಒಬ್ಬ ಹೆಂಗಸೂ ಕದಲುವುದಿಲ್ಲ. ನೀವು ಪಟ್ಟಣದ ಪಂಚಾಂಗ ನೋಡಿ ತೋಟದ ಊರಿನಲ್ಲಿ ತರಗತಿ ಇಟ್ಟಿದ್ದೀರಿ.

ಹಾರಂಗಿ ಹಿನ್ನೀರು:
ಶುಲ್ಕ ಇಟ್ಟರೆ ಆ ಐವರೂ ಬರುವುದಿಲ್ಲ.

ಕುಶಾಲನಗರದ ಲೆಕ್ಕಿಗ:
ಹಾರಂಗಿಯವರ ಮಾತು ಒಪ್ಪುವಂಥದ್ದಲ್ಲ. ಪುಕ್ಕಟೆ ಸಿಕ್ಕದ್ದನ್ನು ಬಿಟ್ಟುಹೋಗುವುದೂ ಸುಲಭ. ಶುಲ್ಕ ಬೇಡ, ನೂಲು ಮತ್ತು ಕಡ್ಡಿಗೆಂದು ಸಣ್ಣದೊಂದು ಠೇವಣಿ ಇಟ್ಟುಕೊಳ್ಳಿ, ಒಂದು ಕೆಲಸ ಮುಗಿಸಿ ತೋರಿಸಿದ ದಿನ ಮರಳಿಸಿ. ಅದಿರಲಿ, ಕ್ರಾಸ್ ಸ್ಟಿಚ್ ತರಗತಿಯಲ್ಲಿ ಮೊದಲ ಕೆಲಸವಾಗಿ ಏನನ್ನು ಕೊಟ್ಟಿದ್ದಿರಿ? ನನಗೆ ಅಲ್ಲಿಯೇ ಸಂಶಯ.

ಶನಿವಾರದ ಸೂಜಿ:
ನಮ್ಮ ಚರ್ಚಿನ ಮುಂಭಾಗದ ಚಿತ್ರವನ್ನೇ ಮಾದರಿಯಾಗಿ ಬರೆದು ಕೊಟ್ಟಿದ್ದೆ. ಅಡ್ಡಕ್ಕೆ 140 ಚೌಕ, ಉದ್ದಕ್ಕೆ 196 ಚೌಕ. ಅಂಗುಲಕ್ಕೆ 14 ಚೌಕವಿರುವ ಐಡಾ ಬಟ್ಟೆಯಲ್ಲಿ ಸರಿಯಾಗಿ 10 ಅಂಗುಲ ಅಗಲ, 14 ಅಂಗುಲ ಎತ್ತರ. ಹಿನ್ನೆಲೆಯ ಮೋಡಗಳೂ ಸೇರಿ ಬಟ್ಟೆಯ ಒಂದು ಚೌಕವೂ ಖಾಲಿ ಬಿಟ್ಟಿರಲಿಲ್ಲ.

ಕುಶಾಲನಗರದ ಲೆಕ್ಕಿಗ:
ಲೆಕ್ಕ ಹಾಕಿದೆ, ದಯವಿಟ್ಟು ಕುಳಿತುಕೊಂಡು ಓದಿ. ಅದರಲ್ಲಿ 27,440 ಹೊಲಿಗೆಗಳಿವೆ. ಹೊಸಬರು ಗಂಟೆಗೆ ನೂರು ಹೊಲಿಗೆ ಹಾಕಿದರೆ ಸುಮಾರು 274 ಗಂಟೆ ಬೇಕು. ವಾರಕ್ಕೆ ಎರಡು ಗಂಟೆಯಂತೆ 137 ಶನಿವಾರ, ಒಂದು ವಾರವೂ ತಪ್ಪಿಸದಿದ್ದರೆ ಎರಡೂವರೆ ವರ್ಷಕ್ಕೂ ಮೇಲೆ. ನಡುವೆ ಪುತ್ತರಿ, ಕೈಲ್‌ಪೊಳ್ದ್, ಕ್ರಿಸ್ಮಸ್, ಮದುವೆ, ಸಾವು ಯಾವುದೂ ಬರಬಾರದು. ನೀವು ಅವರಿಗೆ ಹವ್ಯಾಸ ಕೊಡಲಿಲ್ಲ, ಹರಕೆ ಹೊರಿಸಿದಿರಿ.

ಶನಿವಾರದ ಸೂಜಿ:
ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಅದನ್ನು ಹೊಲಿದು ಮುಗಿಸಲು ನನಗೇ ಹದಿನಾಲ್ಕು ತಿಂಗಳು ಹಿಡಿದಿತ್ತು, ಅದೂ ಮನೆಯಲ್ಲಿ ದಿನವೂ ಕುಳಿತು. ತರಗತಿಯಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೂರ್ನಾಡಿನ ಅಜ್ಜಿ:
ನಾನು ಕ್ರೋಶಾ ಕಲಿತದ್ದು ಕಾನ್ವೆಂಟಿನ ಸಿಸ್ಟರ್ ಒಬ್ಬರಿಂದ. ಮೂರು ತಿಂಗಳು ಅವರು ನಮ್ಮಿಂದ ಕುಣಿಕೆಗೆ ಕುಣಿಕೆ ಕೂಡಿಸುವ ಮೊದಲ ಪಾಠವಾದ ಸರಪಳಿಯನ್ನು ಬಿಟ್ಟರೆ ಬೇರೇನನ್ನೂ ಹಾಕಿಸಲಿಲ್ಲ. ಬಿಗಿ ಹೆಚ್ಚಾದರೆ ಮಾತಿಲ್ಲದೆ ಎಳೆದು ಬಿಚ್ಚಿಬಿಡುತ್ತಿದ್ದರು. ಈಗಿನ ಮಕ್ಕಳಿಗೆ ಮೊದಲ ದಿನವೇ ಹೂವು ಬೇಕು, ಎರಡನೆಯ ದಿನ ಚೀಲ ಬೇಕು. ತಾಳ್ಮೆಯಿಲ್ಲದವರು ಬಿಟ್ಟುಹೋದರೆ ಕಲಿಸುವವರ ತಪ್ಪೆನ್ನಲಾಗದು.

ಕೊಕ್ಕೆಕಡ್ಡಿ:
ಅಜ್ಜಿಯವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ತಾಳ್ಮೆಗಿಂತ ಭಾಷೆಯ ತೊಂದರೆ ದೊಡ್ಡದು. ಕ್ರೋಶಾದಲ್ಲಿ ಬ್ರಿಟಿಷ್ ಹೆಸರುಗಳು ಬೇರೆ, ಅಮೆರಿಕನ್ ಹೆಸರುಗಳು ಬೇರೆ. ಬ್ರಿಟಿಷರು ಡಬಲ್ ಎನ್ನುವ ಗಿಡ್ಡ ಹೊಲಿಗೆಯನ್ನು ಅಮೆರಿಕದವರು ಸಿಂಗಲ್ ಎನ್ನುತ್ತಾರೆ, ಬ್ರಿಟಿಷರ ಟ್ರೆಬಲ್ ಎಂಬ ಎತ್ತರದ ಹೊಲಿಗೆ ಅವರಿಗೆ ಡಬಲ್ ಆಗುತ್ತದೆ. ಕಾನ್ವೆಂಟುಗಳಲ್ಲಿ ಮತ್ತು ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ನಮ್ಮ ಹಿರಿಯರು ಹೆಚ್ಚಾಗಿ ಬ್ರಿಟಿಷ್ ಹೆಸರುಗಳನ್ನು ಬಳಸುತ್ತಾರೆ, ಯೂಟ್ಯೂಬಿನಲ್ಲಿ ಕಲಿಯುವ ನಮ್ಮಂಥವರು ಬಹುಪಾಲು ಅಮೆರಿಕನ್ ಹೆಸರುಗಳನ್ನು. ಇಬ್ಬರೂ ಒಂದೇ ಮೇಜಿಗೆ ಕುಳಿತು ಡಬಲ್ ಎಂದರೆ ಇಬ್ಬರ ಕೈಯಲ್ಲೂ ಬೇರೆ ಬೇರೆ ವಸ್ತು ಹುಟ್ಟುತ್ತದೆ.

ಗುಂಡಗಿನ ಹಾಸು ಚಪ್ಪಟೆಯಾಗಿ ಕೂರಬೇಕಾದರೆ ಗಿಡ್ಡ ಹೊಲಿಗೆಯಲ್ಲಿ ಪ್ರತಿ ಸುತ್ತಿಗೆ ಆರು ಹೊಲಿಗೆ ಹೆಚ್ಚಬೇಕು, ಎತ್ತರದ ಹೊಲಿಗೆಯಲ್ಲಿ ಹನ್ನೆರಡು. ಎತ್ತರದ ಹೊಲಿಗೆ ಹಾಕಿ ಆರನ್ನೇ ಹೆಚ್ಚಿಸಿದರೆ ಹಾಸು ಬಟ್ಟಲಾಗುತ್ತದೆ. ಗಿಡ್ಡ ಹೊಲಿಗೆ ಹಾಕಿ ಹನ್ನೆರಡನ್ನು ಹೆಚ್ಚಿಸಿದರೆ ಅಂಚು ಎಲೆಕೋಸಿನಂತೆ ಸುಕ್ಕಾಗುತ್ತದೆ. ನನ್ನ ಮೊದಲ ಹಾಸು ಟೋಪಿಯಾಗಿ ನಮ್ಮ ಮನೆಯ ನಾಯಿಯ ತಲೆ ಸೇರಿತು.

ಬೀರುವಿನಲ್ಲಿ ಸಿಕ್ಕಿತೆಂದಿರಲ್ಲ, ಆ ಹಾಸು ಯಾವ ಆಕಾರದಲ್ಲಿದೆ?

ಶನಿವಾರದ ಸೂಜಿ:
ಈಗಷ್ಟೇ ಹೋಗಿ ನೋಡಿ ಬಂದೆ. ಎಲೆಕೋಸು. ಮೊದಲ ಸುತ್ತಿನಲ್ಲಿ 12, ಎರಡನೆಯದರಲ್ಲಿ 24, ಮೂರನೆಯದರಲ್ಲಿ 36, ಎಣಿಕೆ ಒಂದೂ ತಪ್ಪಿಲ್ಲ, ಎಲ್ಲವೂ ಗಿಡ್ಡ ಹೊಲಿಗೆ. ನರ್ಸ್ ಅಮ್ಮನವರನ್ನು ಕೇಳಿದೆ. ಮಾದರಿಯ ಹಾಳೆಯನ್ನು ಹುಡುಗಿಯೊಬ್ಬಳು ಫೋನಿನಿಂದ ಇಳಿಸಿಕೊಂಡು ಬಂದಿದ್ದಳಂತೆ, ಹೊಲಿಗೆಯನ್ನು ಅಮ್ಮನವರು ತಮ್ಮ ಕಾಲದ ಹೆಸರಿನಂತೆ ತೋರಿಸಿಕೊಟ್ಟರಂತೆ. ಹಾಸು ಸುಕ್ಕಾದಾಗ ‘ನಿನ್ನ ಕೈ ಸಡಿಲ’ ಎಂದು ಅದನ್ನು ಹೆಣೆಯುತ್ತಿದ್ದ ಹೆಂಗಸಿಗೆ ಹೇಳಿದ್ದೂ ಅವರಿಗೆ ನೆನಪಿದೆ. ಆಕೆ ಮಾರನೆಯ ವಾರದಿಂದ ಬರಲಿಲ್ಲ.

ಮೂರ್ನಾಡಿನ ಅಜ್ಜಿ:
ಹಾಗಾದರೆ ತಾಳ್ಮೆಯ ಬಗ್ಗೆ ನಾನು ಆಡಿದ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ಸರಪಳಿಯ ಮಾತು ಹಾಗೆಯೇ ಇರಲಿ.

ಸುಂಟಿಕೊಪ್ಪದ ಮೇಷ್ಟ್ರು:
ತಾಂತ್ರಿಕ ಚರ್ಚೆಯ ನಡುವೆ ಒಂದು ಸೂಕ್ಷ್ಮವನ್ನು ಎಲ್ಲರೂ ದಾಟಿಹೋಗುತ್ತಿದ್ದೀರಿ. ಚರ್ಚಿನ ಸಭಾಂಗಣ ಎಂದೊಡನೆ ಅನ್ಯಮತದವರಲ್ಲಿ ಹಿಂಜರಿಕೆ ಇದ್ದೇ ಇರುತ್ತದೆ. ಇದಕ್ಕೆ ಇತಿಹಾಸವೂ ಇದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ನೇಯ್ಗೆ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರವಾದವರು ಕುಲಕಸುಬನ್ನೂ ಜಾತಿಯ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಹೊಟ್ಟೆಪಾಡು ಬೇಕಾಗಿತ್ತು. ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೆ ಬಂದು ಅಮ್ಮತ್ತಿ ಬಳಿಯ ಆನಂದಪುರದಲ್ಲಿ ನೆಲೆ ಮಾಡಿಕೊಂಡದ್ದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿ. ಚರ್ಚು ಕಲಿಸುವ ಕಸುಬಿನ ಹಿಂದೆ ಉದ್ದೇಶವೊಂದಿರುತ್ತದೆ ಎಂಬ ನೆನಪು ಊರಿನ ಜನರಲ್ಲಿ ಉಳಿದಿದ್ದರೆ ಅವರನ್ನು ದೂಷಿಸಲಾಗದು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ವಿರಾಜಪೇಟೆಯಲ್ಲಿ 1792ರಲ್ಲಿ ನೆಲೆ ಕೊಟ್ಟವನು ಕೊಡಗಿನ ಲಿಂಗಾಯತ ಅರಸ ದೊಡ್ಡ ವೀರರಾಜೇಂದ್ರ. ಸಂತ ಅನ್ನಮ್ಮನವರ ಚರ್ಚಿನ ಮೂಲ ಅದೇ. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಬಂದು ಕೂರುವುದು ಈ ನಾಡಿಗೆ ಹೊಸತೇನಲ್ಲ.

ನಾಪೋಕ್ಲಿನ ಓದುಗ:
ಮೇಷ್ಟ್ರ ಇತಿಹಾಸ ಸರಿಯಾಗಿದೆ, ನಮ್ಮ ಮನೆಯ ಕಥೆ ಅದಕ್ಕಿಂತ ಸಣ್ಣದು. ನಮ್ಮ ಅವ್ವ ಬೇರೊಂದು ಊರಿನ ಚರ್ಚಿನ ಕಸೂತಿ ತರಗತಿಗೆ ಹೋಗಿದ್ದರು. ಮೊದಲ ದಿನ ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡಿದರಂತೆ. ತಾನು ನಿಲ್ಲಬೇಕೇ, ಕುಳಿತಿರಬೇಕೇ, ಕಣ್ಣು ಮುಚ್ಚಬೇಕೇ ಎಂಬುದು ಅವ್ವನಿಗೆ ತಿಳಿಯದೆ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತ ನಿಂತಿದ್ದರಂತೆ. ಯಾರೂ ಒಂದು ಮಾತು ಅನ್ನಲಿಲ್ಲ, ಆದರೂ ಎರಡನೆಯ ವಾರ ಹೋಗಲಿಲ್ಲ. ಅವರಿಗೆ ಕೋಪವಿರಲಿಲ್ಲ, ಮುಜುಗರವಿತ್ತು.

ಶನಿವಾರದ ಸೂಜಿ:
ನಮ್ಮಲ್ಲಿಯೂ ಎರಡು ನಿಮಿಷದ ಪ್ರಾರ್ಥನೆಯಿಂದಲೇ ಆರಂಭ. ಅದು ನಮಗೆ ಉಸಿರಾಟದಷ್ಟು ರೂಢಿಯಾಗಿರುವುದರಿಂದ ಹೊರಗಿನವರಿಗೆ ಹೇಗೆ ಕಾಣಬಹುದೆಂಬ ಯೋಚನೆಯೇ ಬಂದಿರಲಿಲ್ಲ.

ಗುಡ್ಡೆಹೊಸೂರು ಕಡೆಯವನು:
ಇದೇನು ವಿಚಿತ್ರ? ಚರ್ಚಿನ ಕೋಣೆ, ಚರ್ಚಿನ ದೀಪ, ಚರ್ಚಿನ ಚಹಾ, ಆದರೆ ಪ್ರಾರ್ಥನೆ ಮಾತ್ರ ಬೇಡವೇ? ದೇವಸ್ಥಾನದ ಭಜನಾ ಮಂದಿರಕ್ಕೆ ಸಂಗೀತ ಕಲಿಯಲು ಹೋದವರು ಗಣಪತಿ ಸ್ತುತಿಯನ್ನು ಬಿಡಿ ಎನ್ನುತ್ತಾರೆಯೇ?

ನಾಪೋಕ್ಲಿನ ಓದುಗ:
ಬಿಡಿ ಎಂದು ಯಾರು ಹೇಳಿದರು? ಎರಡಕ್ಕೆ ಐದು ನಿಮಿಷ ಇರುವಾಗ ಪ್ರಾರ್ಥನೆ, ಎರಡಕ್ಕೆ ತರಗತಿ ಎಂದು ಸೂಚನಾ ಫಲಕದಲ್ಲಿ ಬರೆದರೆ ಸಾಕು. ಬೇಕಾದವರು ಐದು ನಿಮಿಷ ಮೊದಲು ಬರುತ್ತಾರೆ. ತಿಳಿಯದೆ ಎದ್ದು ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಗುಡ್ಡೆಹೊಸೂರು ಕಡೆಯವನು:
ಹಾಗೆ ಬರೆಯುವುದಾದರೆ ನನ್ನ ತಕರಾರಿಲ್ಲ.

ಭಾಗಮಂಡಲದ ಜಡಿಮಳೆ:
ಜಲವರ್ಣದ ತರಗತಿಯನ್ನು ಜೂನಿನಲ್ಲಿ ಆರಂಭಿಸಿದ ಮಹಾನುಭಾವರು ಯಾರು? ನಮ್ಮಲ್ಲಿ ಆಷಾಢದಲ್ಲಿ ಒಗೆದ ಬಟ್ಟೆ ಒಲೆಯ ಮೇಲೆ ಒಂದು ವಾರ ತೂಗಾಡಿದರೂ ಒಣಗುವುದಿಲ್ಲ, ಇನ್ನು ಕಾಗದದ ಮೇಲಿನ ಆಕಾಶ ಹೇಗೆ ಒಣಗಬೇಕು? ಮೊದಲ ಪದರ ಒಣಗದೆ ಎರಡನೆಯದನ್ನು ಹಾಕಿದರೆ ಬೆಟ್ಟವೂ ಮೋಡವೂ ಕಲಸಿಕೊಂಡು ಗಂಜಿಯಾಗುತ್ತದೆ. ಹಿಂದಿನ ವಾರದ ಹಾಳೆಗಳ ಮೇಲೆ ಬೂಷ್ಟಿನ ಚುಕ್ಕಿಗಳು ಬೇರೆ. ಮಳೆಗಾಲದಲ್ಲಿ ಪೆನ್ಸಿಲ್ ಮತ್ತು ಇದ್ದಿಲಿನ ಚಿತ್ರ ಕಲಿಸಿ, ಬಣ್ಣವನ್ನು ಅಕ್ಟೋಬರಿನ ನಂತರ ತೆಗೆಯಿರಿ. ಸೂಜಿಗಳ ಡಬ್ಬಿಯಲ್ಲಿ ನಾಲ್ಕು ಸೀಮೆಸುಣ್ಣದ ತುಂಡುಗಳನ್ನು ಹಾಕಿಡಿ, ತೇವವನ್ನು ಅವು ಹೀರಿಕೊಳ್ಳುತ್ತವೆ. ಕರೆಂಟು ಮೂರು ದಿನ ಬಾರದಿದ್ದರೆ ಏನು ಮಾಡಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ.

ಕೊಕ್ಕೆಕಡ್ಡಿ:
ಸೂಜಿಯ ತುಕ್ಕು ಬಿಳಿ ಬಟ್ಟೆಗೆ ಹತ್ತಿದ್ದರೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ, ಹೋಗುತ್ತದೆ. ಬಿಸಿಲು ಬರುವವರೆಗೆ, ಅಂದರೆ ಸೆಪ್ಟೆಂಬರಿನವರೆಗೆ, ಕಾಯಬೇಕು ಅಷ್ಟೇ.

ಅಮ್ಮತ್ತಿಯ ಕಾಫಿ ಕಣ:
ಕೆತ್ತನೆಯ ತರಗತಿಗೆ ಎಷ್ಟು ಜನ ಬರುತ್ತಿದ್ದರು? ನಮ್ಮ ತೋಟದಲ್ಲಿ ಹಳೆಯ ಗಿಡ ಕಿತ್ತಾಗ ಬೊಡ್ಡೆಗಳು ರಾಶಿ ಬೀಳುತ್ತವೆ, ಬೇಕಿದ್ದರೆ ಜೀಪಿನಲ್ಲಿ ಕಳುಹಿಸಿಕೊಡುತ್ತೇನೆ.

ಶನಿವಾರದ ಸೂಜಿ:
ಕೆತ್ತನೆಗೆ ಕೊನೆಯವರೆಗೂ ಇಬ್ಬರು ಗಂಡಸರು ತಪ್ಪದೆ ಬಂದರು, ಕಲಿಸುವವರನ್ನು ಸೇರಿಸಿದರೆ ಮೂವರು. ಬೊಡ್ಡೆ ಖಂಡಿತ ಬೇಕು. ನಮ್ಮ ರೈಟರ್ ಅವರು ಹೇಳುವುದು ಇಷ್ಟು: ಕಾಫಿ ಮರ ಗಟ್ಟಿ, ನುಣುಪು ಚೆನ್ನಾಗಿ ಬರುತ್ತದೆ, ಆದರೆ ಹಸಿಯಾಗಿರುವಾಗ ಬಿಸಿಲಿಗಿಟ್ಟರೆ ಬಾಯಿ ಬಿಡುತ್ತದೆ. ಕಡಿದ ದಿನವೇ ಎರಡೂ ತುದಿಗಳಿಗೆ ಕರಗಿಸಿದ ಮೇಣ ಹಚ್ಚಿ ನೆರಳಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಚರ್ಚಿನಲ್ಲಿ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಅವರು ಅದಕ್ಕೇ ಕೂಡಿಡುತ್ತಾರೆ. ಅವರ ತರಗತಿಯಲ್ಲಿ ಪಾಠವೆಂಬುದೇ ಇರಲಿಲ್ಲ. ಅವರು ತಮ್ಮ ಕೆಲಸ ಮಾಡುತ್ತ ಕೂರುತ್ತಿದ್ದರು, ಆ ಇಬ್ಬರು ತಮ್ಮದನ್ನು ಮಾಡುತ್ತಿದ್ದರು, ಉಳಿ ಮೊಂಡಾದಾಗ ಮಾತ್ರ ಮಾತು. ಬರೆಯುತ್ತ ಬರೆಯುತ್ತ ನನಗೇ ಏನೋ ಹೊಳೆಯುತ್ತಿದೆ.

ಗೋದಲಿಯ ಹುಲ್ಲು:
ಕ್ರಿಸ್ಮಸ್ ಹತ್ತಿರವಿರುವಾಗ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಕೆಲಸವನ್ನು ತರಗತಿಗೆ ಸೇರಿಸಬಾರದೇ? ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಮೊದಲು ಮಾಡಿದ್ದು ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿದ ಗೋದಲಿ, ನಮಗೆ ಬಿದಿರು ಮತ್ತು ಮಣ್ಣು ಸಾಕು. ತಟ್ಟೆಯಲ್ಲಿ ಮಣ್ಣು ಹರಡಿ ಹತ್ತು ಹನ್ನೆರಡು ದಿನ ಮೊದಲೇ ಭತ್ತ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಗದ್ದೆ ಸಿದ್ಧವಾಗುತ್ತದೆ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಹವ್ಯಾಸವಿಲ್ಲ.

ಭಾಗಮಂಡಲದ ಜಡಿಮಳೆ:
ಬಿತ್ತಿ, ಆದರೆ ಮರದ ಪಾಚಿಯನ್ನು ಗೋಣಿಗಟ್ಟಲೆ ಕೆರೆದು ತರಬೇಡಿ. ಒಂದು ರಾತ್ರಿಯ ಅಲಂಕಾರಕ್ಕೆ ಬೋಳಾದ ಕೊಂಬೆ ಮತ್ತೆ ಹಸಿರಾಗಲು ವರ್ಷಗಳು ಬೇಕು. ತೆಂಗಿನ ನಾರಿಗೆ ಹಸಿರು ಬಣ್ಣ ಹಾಕಿದರೆ ದೂರದಿಂದ ಯಾರಿಗೂ ತಿಳಿಯುವುದಿಲ್ಲ.

ಮಕ್ಕಂದೂರಿನವಳು:
ರೈಟರ್ ಅವರ ಮೇಜಿನ ವಿಷಯ ಓದಿ ಇದನ್ನು ಬರೆಯುತ್ತಿದ್ದೇನೆ. 2018ರ ಆಗಸ್ಟಿನಲ್ಲಿ ಬೆಟ್ಟ ಜರಿದಾಗ ನಾವು ಕೆಲವು ವಾರ ಪರಿಹಾರ ಶಿಬಿರದಲ್ಲಿದ್ದೆವು. ಬಟ್ಟೆ, ಅಕ್ಕಿ, ಬಕೆಟ್ಟು ಎಲ್ಲವನ್ನೂ ಜನ ತಂದುಕೊಟ್ಟರು. ಒಂದು ದಿನ ಹಿರಿಯ ಹೆಂಗಸೊಬ್ಬರು ಬಂದು ಒಂದು ಚೀಲ ಉಣ್ಣೆಯ ಉಂಡೆಗಳನ್ನೂ ಹತ್ತಾರು ಕಡ್ಡಿಗಳನ್ನೂ ಚಾಪೆಯ ಮೇಲೆ ಸುರಿದು, ತಾವೊಂದನ್ನು ಎತ್ತಿಕೊಂಡು ಮೂಲೆಯಲ್ಲಿ ಕುಳಿತು ಹೆಣೆಯತೊಡಗಿದರು. ಬನ್ನಿ ಎಂದು ಕರೆಯಲಿಲ್ಲ, ಕಲಿಯಿರಿ ಎನ್ನಲಿಲ್ಲ, ಮನೆ ಹೋಯಿತೇ ಎಂದು ಕೇಳಲಿಲ್ಲ. ಸಂಜೆಯ ಹೊತ್ತಿಗೆ ಅವರ ಸುತ್ತ ಏಳೆಂಟು ಹೆಂಗಸರಿದ್ದೆವು. ನಾನು ಹೆಣೆದದ್ದು ಮಫ್ಲರೂ ಅಲ್ಲ, ಪಟ್ಟಿಯೂ ಅಲ್ಲ, ಅಗಲ ಒಂದೊಂದು ಕಡೆ ಒಂದೊಂದು ಥರ. ಮೂರು ಸಲ ಮನೆ ಬದಲಾಯಿಸಿದೆವು, ಅದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅವರು ಯಾವ ಸಭೆಯವರೆಂದು ಇಂದಿಗೂ ನನಗೆ ತಿಳಿಯದು, ಕೊರಳಿನಲ್ಲಿ ಸಣ್ಣ ಶಿಲುಬೆಯಿತ್ತು ಎಂಬುದಷ್ಟೇ ನೆನಪು.

ಹಾರಂಗಿ ಹಿನ್ನೀರು:
ಶುಲ್ಕದ ವಿಷಯದಲ್ಲಿ ಇನ್ನು ನಾನು ವಾದಿಸುವುದಿಲ್ಲ.

ಕುಶಾಲನಗರದ ಲೆಕ್ಕಿಗ:
ಠೇವಣಿಯ ಸಲಹೆಯನ್ನು ನಾನೂ ಕೈಬಿಡುತ್ತೇನೆ. ಆದರೂ ಕೊಂಡ ನೂಲು ಕಡ್ಡಿಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಸೇವೆ ಮಾಡುವವರ ಕೈಯಿಂದ ಹಣ ಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನರ್ಸ್ ಅಮ್ಮನವರು ಈವರೆಗೆ ಎಷ್ಟು ಉಂಡೆ ನೂಲನ್ನು ತಮ್ಮ ಪಿಂಚಣಿಯಿಂದ ತಂದಿದ್ದಾರೆ ಎಂದು ಕೇಳಿ ನೋಡಿ.

ಶನಿವಾರದ ಸೂಜಿ:
ಕೇಳಿದೆ. ಎಣಿಸಿಲ್ಲ ಎಂದರು. ಪುಸ್ತಕ ಇಡುತ್ತೇವೆ.

ನಿನ್ನೆ ಸಂಜೆ ಸಮಿತಿಯವರೊಡನೆ ಮಾತಾಡಿದೆ. ಬೀರುವಿನಲ್ಲಿ ಎರಡು ಅರೆಗಳನ್ನು ಸಂಡೇ ಸ್ಕೂಲಿಗೆ ಬಿಟ್ಟು ಎರಡನ್ನು ನಾವು ಇಟ್ಟುಕೊಂಡೆವು. ರೋಬಸ್ಟಾ ಕುಯ್ಲು ಮುಗಿಯುವವರೆಗೆ ರಜೆ. ಆಮೇಲೆ ಶನಿವಾರದ ಬದಲು ಭಾನುವಾರ ಮಧ್ಯಾಹ್ನ, ನಾಲ್ಕು ತರಗತಿಗಳ ಬದಲು ಒಂದೇ ಉದ್ದನೆಯ ಮೇಜು. ಅವರವರ ಕೆಲಸವನ್ನು ಅವರವರು ತರಬೇಕು, ಏನೂ ಇಲ್ಲದವರಿಗೆ ನೂಲು, ಕಡ್ಡಿ, ಪೆನ್ಸಿಲ್ ಮೇಜಿನ ಮೇಲಿರುತ್ತವೆ. ಕೆತ್ತನೆಯವರನ್ನು ಮಾತ್ರ ಜಗಲಿಗೆ ಹಾಕಿದ್ದೇವೆ, ಮರದ ಚೂರು ಉಣ್ಣೆಗೆ ಅಂಟಿಕೊಳ್ಳುತ್ತದೆ ಎಂದು ನರ್ಸ್ ಅಮ್ಮನವರು ಪಟ್ಟು ಹಿಡಿದರು. ಪ್ರಾರ್ಥನೆಯ ಸಮಯವನ್ನು ಫಲಕದಲ್ಲಿ ಬೇರೆಯಾಗಿಯೇ ಬರೆಯಲಾಗುವುದು. ಕ್ರಾಸ್ ಸ್ಟಿಚ್ಚಿನ ಹೊಸ ಮಾದರಿ ಒಂದು ಕಿತ್ತಳೆ ಹಣ್ಣು, ಎಲೆಯೂ ಸೇರಿ 20 ಚೌಕ ಅಗಲ, 20 ಚೌಕ ಎತ್ತರ. ಲೆಕ್ಕಿಗರು ದಯವಿಟ್ಟು ಲೆಕ್ಕ ಹಾಕಬೇಕು.

ಕುಶಾಲನಗರದ ಲೆಕ್ಕಿಗ:
ಬಟ್ಟೆ ಪೂರ್ತಿ ತುಂಬಿದರೂ 400 ಹೊಲಿಗೆ, ಎರಡು ಭಾನುವಾರ. ಮೂಲೆಗಳು ಖಾಲಿಯಿದ್ದರೆ ಅದಕ್ಕೂ ಕಡಿಮೆ. ಮಂಜೂರು.

ಮೂರ್ನಾಡಿನ ಅಜ್ಜಿ:
ಎಲ್ಲವೂ ಸರಿ, ಆ ಎಲೆಕೋಸಿನ ಹೆಂಗಸಿಗೆ ಯಾರಾದರೂ ಹೇಳಿ ಕಳುಹಿಸಿದಿರಾ?

ಶನಿವಾರದ ಸೂಜಿ:
ನರ್ಸ್ ಅಮ್ಮನವರೇ ಫೋನ್ ಮಾಡಿದರು, ನಾನು ಪಕ್ಕದಲ್ಲಿದ್ದೆ. ‘ನಿನ್ನ ಕೈ ಸಡಿಲವಲ್ಲ, ನನ್ನ ಮಾತು ಒಂದು ದೇಶದ್ದು, ನಿನ್ನ ಹಾಳೆ ಇನ್ನೊಂದು ದೇಶದ್ದು’ ಎಂದರು. ಆಕೆ ಬಹಳ ಹೊತ್ತು ನಕ್ಕಳು. ಕುಯ್ಲು ಮುಗಿದ ಮೇಲೆ ಬರುತ್ತಾಳಂತೆ, ಅಲ್ಲಿಯವರೆಗೆ ಅದನ್ನು ಬಿಚ್ಚದೆ ಹಾಗೆಯೇ ಇಡಬೇಕಂತೆ. ತಿರುಗಿಸಿ ಹೊಲಿದರೆ ಮಗಳ ಫ್ರಾಕಿಗೆ ಒಳ್ಳೆಯ ಹೂವಾಗುತ್ತದೆ ಎಂದು ಆಕೆಗೆ ಆಗಲೇ ಅನ್ನಿಸಿತ್ತಂತೆ, ಬಯ್ಯುತ್ತೀರೆಂದು ಹೇಳಲಿಲ್ಲವಂತೆ.

ಹಾರಂಗಿ ಹಿನ್ನೀರು:
ಗಂಡಸರು ಕ್ರೋಶಾ ಮೇಜಿಗೆ ಬರಬಹುದೇ? ಬರಬಹುದಾದರೆ ಎಷ್ಟನೆಯ ನಂಬರಿನ ಕಡ್ಡಿ ತರಬೇಕು?

ಕೊಕ್ಕೆಕಡ್ಡಿ:
ಅಗತ್ಯವಾಗಿ ಬನ್ನಿ. ನಂಬರ್ ಕೇಳಿ ತರಬೇಡಿ. ಉಕ್ಕಿನ ಕಡ್ಡಿಗಳಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ, ಅಲ್ಲಿಯೂ ಎರಡು ದೇಶಗಳ ಜಗಳವಿದೆ. ಹಿಡಿಯ ಮೇಲೆ 4 ಮಿಲಿಮೀಟರ್ ಎಂದು ಬರೆದಿರುವುದನ್ನು ತನ್ನಿ, ಜೊತೆಗೆ ಸ್ವಲ್ಪ ದಪ್ಪನೆಯ ಉಣ್ಣೆ. ಮೊದಲ ದಿನ ಸರಪಳಿ ಮಾತ್ರ.